ಬರ್ಲಿನ್‌ನಲ್ಲಿ ನಾಜಿ ಕಾಲದ ಜಾಗಗಳು: ಯಾವುದು ಮೊದಲು, ಯಾವುದನ್ನು ಬಿಡಬಹುದು?

ಕೊಡಚಾದ್ರಿ
ಅಕ್ಟೋಬರ್ ಕೊನೆಯ ವಾರಾಂತ್ಯಕ್ಕೆ ಬರ್ಲಿನ್. ಶನಿವಾರದಿಂದ ಮಂಗಳವಾರ, ಮಂಗಳವಾರ ರಾತ್ರಿ ವಿಮಾನ. ಜೊತೆಗೆ ಅಪ್ಪ, ಅಮ್ಮ. ಎಪ್ಪತ್ತರ ಆಸುಪಾಸು, ನಡೆಯುತ್ತಾರೆ ಆದರೆ ನಿಧಾನ, ಅಮ್ಮನಿಗೆ ಮಂಡಿನೋವಿದೆ. ಬರ್ಲಿನ್ ಗೋಡೆ, ಶೀತಲ ಸಮರ ಈ ಸಲ ಬೇಡ. 1933ರಿಂದ 1945ರವರೆಗಿನದು ಮಾತ್ರ ನೋಡಬೇಕು. ಪಟ್ಟಿಯಲ್ಲಿ ಹಿಟ್ಲರನ ಬಂಕರ್, ಯಹೂದಿ ಸ್ಮಾರಕ, ಟೊಪೊಗ್ರಾಫಿ ಆಫ್ ಟೆರರ್ (ನಾಜಿ ಪೊಲೀಸ್ ಕಚೇರಿಗಳಿದ್ದ ಜಾಗದ ಪ್ರದರ್ಶನ), ಸಾಕ್ಸೆನ್‌ಹೌಸೆನ್ ಶಿಬಿರ, ವಾನ್ಸೀ (1942ರ ಸಮ್ಮೇಳನ ನಡೆದ ಬಂಗಲೆ) ಇವೆ. ಯಾವ ಕ್ರಮದಲ್ಲಿ ಹೋಗಬೇಕು, ಎಲ್ಲೆಲ್ಲಿ ಟಿಕೆಟ್ ಬೇಕು, ತಿಳಿದವರು ಹೇಳಿ.

ಧಾರವಾಡ_ಪೇಡಾ
ಬಂಕರ್ ಪಟ್ಟಿಯಿಂದ ತಗದು ಹಾಕ್ರಿ ಮೊದಲ. ಗೆರ್ಟ್ರೂಡ್ ಕೋಲ್ಮಾರ್ ಸ್ಟ್ರಾಸೆ ಅಂತ ರಸ್ತೆ, ಅಪಾರ್ಟ್‌ಮೆಂಟಿನವರು ಕಾರು ನಿಲ್ಲಸೋ ಜಾಗಾ, ಒಂದು ಫಲಕ. ಅಷ್ಟ. ಆ ಫಲಕನೂ 2006ರಾಗ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಹಾಕ್ಯಾರ. ಬೇಕಂತನ ಏನೂ ಇಟ್ಟಿಲ್ಲ, ಯಾರೂ ಬಂದು ಹೂವು ಹಾಕಬಾರದು ಅಂತ. ಯಹೂದಿ ಸ್ಮಾರಕಕ್ಕ ಹೋಗೋ ದಾರ್ಯಾಗ ಸಿಗ್ತದ, ನಿಂತು ಫಲಕ ಓದ್ರಿ, ಮುಂದ ಹೋಗ್ರಿ.

ಸ್ಪ್ರೀ_ದಂಡೆ
ಟಿಕೆಟ್ ವಿಷಯ ಮೊದಲು: ನಿಮ್ಮ ಪಟ್ಟಿಯಲ್ಲಿರುವ ಯಾವುದಕ್ಕೂ ಪ್ರವೇಶ ಶುಲ್ಕವಿಲ್ಲ. ಖರ್ಚು ಬರುವುದು ರೈಲಿಗೆ, ಆಡಿಯೋ ಗೈಡ್‌ಗೆ, ಬೇಕಾದರೆ ಮಾರ್ಗದರ್ಶಕರಿಗೆ. "ಸಾಲು ತಪ್ಪಿಸುವ ಟಿಕೆಟ್" ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ.

ಎರಡನೆಯದು ಸೋಮವಾರದ ತೊಡಕು. ಯಹೂದಿ ಸ್ಮಾರಕದ ಕಲ್ಲುಗಳ ಬಯಲು ಯಾವಾಗಲೂ ತೆರೆದಿರುತ್ತದೆ, ಆದರೆ ಅದರಡಿಯ ಮಾಹಿತಿ ಕೇಂದ್ರಕ್ಕೆ ಸೋಮವಾರ ರಜೆ. ಸಾಕ್ಸೆನ್‌ಹೌಸೆನ್ ಚಳಿಗಾಲದ ಸಮಯಕ್ಕೆ ಬದಲಾದ ಮೇಲೆ ಸೋಮವಾರ ಬಯಲಿಗೆ ಬಿಡುತ್ತಾರೆ, ಒಳಗಿನ ವಸ್ತುಸಂಗ್ರಹಾಲಯಗಳು ಮುಚ್ಚಿರುತ್ತವೆ. ಅಷ್ಟು ದೂರ ಹೋಗಿ ಬೀಗ ನೋಡಿ ಬರುವುದು ಬೇಡ. ಟೊಪೊಗ್ರಾಫಿ ಮತ್ತು ವಾನ್ಸೀ ಸೋಮವಾರವೂ ತೆರೆದಿರುತ್ತವೆ.

ನನ್ನ ಕ್ರಮ ಹೀಗೆ. ಶನಿವಾರ ಟೊಪೊಗ್ರಾಫಿ, ಅಲ್ಲಿಂದ ಯಹೂದಿ ಸ್ಮಾರಕ. ಭಾನುವಾರ ಸಾಕ್ಸೆನ್‌ಹೌಸೆನ್. ಸೋಮವಾರ ಯಹೂದಿಗಳನ್ನು ರೈಲಿನಲ್ಲಿ ಸಾಗಿಸಿದ ಗ್ರೂನೆವಾಲ್ಡ್‌ನ 17ನೇ ಪ್ಲಾಟ್‌ಫಾರ್ಮ್ ಮತ್ತು ವಾನ್ಸೀ, ಎರಡೂ ಎಸ್7 ನಗರ ರೈಲಿನ ಸಾಲಿನಲ್ಲೇ ಇವೆ. ಮಂಗಳವಾರ ಹಾಕೆಶರ್ ಮಾರ್ಕ್ಟ್ ಸುತ್ತಮುತ್ತ, ನಡಿಗೆ ಕಡಿಮೆ.

ನಕ್ಷೆಗಾರ
ಭಾನುವಾರ ಸಾಕ್ಸೆನ್‌ಹೌಸೆನ್ ಬೇಡ ಎನ್ನುತ್ತೇನೆ. ಎಸ್1 ಸಾಲಿನಲ್ಲಿ ವಾರಾಂತ್ಯಕ್ಕೇ ಹಳಿ ಕೆಲಸ ಇಟ್ಟುಕೊಳ್ಳುತ್ತಾರೆ. ಒಂದಷ್ಟು ನಿಲ್ದಾಣಗಳ ನಡುವೆ ರೈಲು ನಿಂತು ಬದಲಿ ಬಸ್ ಹಾಕಿದರೆ, ಮಂಡಿನೋವಿನವರಿಗೆ ಹತ್ತಿ ಇಳಿಯುವುದೇ ಒಂದು ಸಾಹಸ. ಮಂಗಳವಾರ ಹೋಗಿ.

ಸ್ಪ್ರೀ_ದಂಡೆ
ರಾತ್ರಿ ವಿಮಾನ ಇದ್ದವರಿಗೆ ಮಂಗಳವಾರ ಸಾಕ್ಸೆನ್‌ಹೌಸೆನ್ ಇರುವ ಓರಾನಿಯೆನ್‌ಬುರ್ಗ್ ತೋರಿಸುವುದು ಸರಿಯಲ್ಲ. ಊರಿನ ಉತ್ತರದ ತುದಿಯಿಂದ ದಕ್ಷಿಣದ ತುದಿಯ ವಿಮಾನ ನಿಲ್ದಾಣಕ್ಕೆ, ನಡುವೆ ಹೋಟೆಲಿನಿಂದ ಸಾಮಾನು ಎತ್ತಿಕೊಂಡು. ಭಾನುವಾರವೇ ಹೋಗಲಿ, ಎಸ್1 ಬದಲು ಆರ್‌ಇ5 ಎಂಬ ಪ್ರಾದೇಶಿಕ ರೈಲು ಹಿಡಿಯಲಿ. ಮುಖ್ಯ ನಿಲ್ದಾಣದಿಂದ ಸುಮಾರು ಇಪ್ಪತ್ತೈದು ನಿಮಿಷ. ಎಸ್1ರಲ್ಲಿ ಫ್ರೀಡ್ರಿಖ್ ಸ್ಟ್ರಾಸೆಯಿಂದ ಮುಕ್ಕಾಲು ಗಂಟೆ.

ನಕ್ಷೆಗಾರ
ಆರ್‌ಇ5 ಓಡುತ್ತಿದ್ದರೆ ಒಪ್ಪಿದೆ. ಹಿಂದಿನ ರಾತ್ರಿ ಇಲ್ಲಿನ ಸಾರಿಗೆ ಸಂಸ್ಥೆಗಳಾದ ಬಿವಿಜಿ ಅಥವಾ ವಿಬಿಬಿ ಆಪ್‌ನಲ್ಲಿ ಹೊರಡುವ ಸಮಯ ಹಾಕಿಯೇ ನೋಡಿ. "ಈಗ" ಎಂದು ಹಾಕಿದರೆ ಮರುದಿನದ ಹಳಿ ಕೆಲಸ ಕಾಣುವುದಿಲ್ಲ.

ಟಿಕೆಟ್: ಊರೊಳಗೆ ಎಬಿ ವಲಯ ಸಾಕು, ವಾನ್ಸೀ ಕೂಡ ಬಿ ವಲಯದಲ್ಲೇ ಇದೆ. ಓರಾನಿಯೆನ್‌ಬುರ್ಗ್ ಮತ್ತು ವಿಮಾನ ನಿಲ್ದಾಣ ಎರಡೂ ಸಿ ವಲಯ. ಎಬಿ ದಿನದ ಪಾಸ್ ಇದ್ದರೆ ಪೂರ್ತಿ ಎಬಿಸಿ ಟಿಕೆಟ್ ಬೇಡ, ಪೂರಕ ಟಿಕೆಟ್ ಸಿಗುತ್ತದೆ. ಯಂತ್ರದಿಂದ ಬರುವ ಕಾಗದದ ಟಿಕೆಟನ್ನು ಪ್ಲಾಟ್‌ಫಾರ್ಮ್‌ನಲ್ಲಿರುವ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಇಲ್ಲದ ಟಿಕೆಟ್ ಇದ್ದರೂ ಇಲ್ಲದ ಹಾಗೆ, ತಲೆಗೆ 60 ಯೂರೋ ದಂಡ. ತಪಾಸಣೆಯವರು ಸಾದಾ ಬಟ್ಟೆಯಲ್ಲಿ ಬರುತ್ತಾರೆ, "ಗೊತ್ತಿರಲಿಲ್ಲ" ಎಂದರೆ ಕೇಳುವುದಿಲ್ಲ.

ಇನ್ನೊಂದು, ಅಕ್ಟೋಬರ್ ಕೊನೆಯ ಭಾನುವಾರ ಬೆಳಗಿನ ಜಾವ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅವತ್ತಿನಿಂದ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಸಾಕ್ಸೆನ್‌ಹೌಸೆನ್ ಚಳಿಗಾಲದಲ್ಲಿ ನಾಲ್ಕೂವರೆಗೆ ಮುಚ್ಚುತ್ತದೆ. ಹತ್ತರ ಹೊತ್ತಿಗೆ ಗೇಟಿನಲ್ಲಿರಿ.

ಹಳೇಕಡತ
ಕ್ರಮದ ಬಗ್ಗೆ ನನ್ನ ಮಾತು. ಯಾರನ್ನು ಕೇಳಿದರೂ ಶಿಬಿರ ಮೊದಲು ಅನ್ನುತ್ತಾರೆ. ಬರ್ಲಿನ್‌ಗೆ ಆ ಕ್ರಮ ಹೊಂದುವುದಿಲ್ಲ. ದೊಡ್ಡ ಪ್ರಮಾಣದ ಕೊಲೆ ನಡೆದ ಟ್ರೆಬ್ಲಿಂಕಾ, ಸೊಬಿಬೋರ್, ಔಶ್ವಿಟ್ಸ್ ಇರುವುದು ಪೋಲೆಂಡಿನಲ್ಲಿ. ಬರ್ಲಿನ್‌ನಲ್ಲಿ ಇದ್ದದ್ದು ಕಚೇರಿ, ಕಡತ, ಸಹಿ, ರೈಲಿನ ವೇಳಾಪಟ್ಟಿ. ಹಾಗಾಗಿ ಟೊಪೊಗ್ರಾಫಿಯಿಂದಲೇ ಶುರುಮಾಡಿ. ಅದನ್ನು ನೋಡದೆ ಶಿಬಿರಕ್ಕೆ ಹೋದರೆ ಕ್ರೌರ್ಯ ಕಾಣುತ್ತದೆ, ಅದನ್ನು ನಡೆಸಿದ ಯಂತ್ರ ಕಾಣುವುದಿಲ್ಲ.

ಟೊಪೊಗ್ರಾಫಿ ಇರುವುದು ನೀಡರ್‌ಕಿರ್ಶ್ನರ್ ಸ್ಟ್ರಾಸೆ 8ರಲ್ಲಿ. ಆಗಿನ ಹೆಸರು ಪ್ರಿಂಜ್ ಆಲ್ಬ್ರೆಖ್ಟ್ ಸ್ಟ್ರಾಸೆ 8. ನಾಜಿಗಳ ರಹಸ್ಯ ಪೊಲೀಸ್ ಗೆಸ್ಟಾಪೋ ಕೇಂದ್ರ ಕಚೇರಿ ಇಲ್ಲಿ, ಶಿಬಿರಗಳನ್ನು ನಡೆಸಿದ ನಾಜಿ ದಳ ಎಸ್‌ಎಸ್‌ನ ಮುಖ್ಯಸ್ಥರು ಪಕ್ಕದಲ್ಲೇ. ಹಳೆಯ ಕಟ್ಟಡ ಉಳಿದಿಲ್ಲ, ಈಗಿನದು 2010ರದು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ತೆರೆದಿರುವುದರಿಂದ ಆತುರವಿಲ್ಲ. ಒಳಗೆ ಎಲ್ಲವೂ ಫಲಕಗಳೇ: ಫೋಟೋ, ದಾಖಲೆ, ಜರ್ಮನ್ ಮತ್ತು ಇಂಗ್ಲಿಷ್ ವಿವರಣೆ. ಪ್ರತಿ ಸಾಲೂ ಓದಲು ಹೊರಟರೆ ಒಂದು ಗಂಟೆಗೇ ಸುಸ್ತಾಗುತ್ತದೆ. ಸಾಲು ಬಿಡಿ, ಮುಖ ನೋಡಿ. ವಿಹಾರಕ್ಕೆ ಬಂದ ಎಸ್‌ಎಸ್ ಗುಮಾಸ್ತರು ನಗುತ್ತಿರುವ ಫೋಟೋಗಳಿವೆ. ಕೊನೆಗೆ ಯುದ್ಧದ ನಂತರ ಅವರಲ್ಲಿ ಎಷ್ಟು ಜನ ಸುಮ್ಮನೆ ಮನೆಗೆ ಹೋದರು ಎಂಬ ಭಾಗವಿದೆ, ಅದನ್ನು ತಪ್ಪಿಸಬೇಡಿ. ಅಪ್ಪ ಅಮ್ಮನಿಗೆ ಒಳಗಿನ ಒಂದೂವರೆ ಗಂಟೆ ಸಾಕು. ಹೊರಗೆ ನೆಲಮಾಳಿಗೆಯ ಗೋಡೆಯ ಅವಶೇಷದ ಉದ್ದಕ್ಕೂ ಇನ್ನೊಂದು ಪ್ರದರ್ಶನವಿದೆ. ಅದರ ಮೇಲೇ ಬರ್ಲಿನ್ ಗೋಡೆಯ ಸುಮಾರು 200 ಮೀಟರ್ ಉಳಿಕೆ, ಬೇಡ ಎಂದರೂ ಕಣ್ಣಿಗೆ ಬೀಳುತ್ತದೆ.

ಹೊರಬಂದು ಎದುರಿನ ಬೂದು ಕಟ್ಟಡ ನೋಡಿ. ಹಿಟ್ಲರನ ವಾಯುಪಡೆಯ ಮುಖ್ಯಸ್ಥ ಗೋರಿಂಗ್‌ನ ವಾಯುಯಾನ ಸಚಿವಾಲಯ, 1935-36ರಲ್ಲಿ ಎದ್ದದ್ದು. ಈಗ ಜರ್ಮನಿಯ ಹಣಕಾಸು ಸಚಿವಾಲಯ.

ಮಲ್ಲಿಗೆಮೊಗ್ಗು
ಯಹೂದಿ ಸ್ಮಾರಕದ ಬಗ್ಗೆ: 2,711 ಕಾಂಕ್ರೀಟ್ ಚಪ್ಪಡಿಗಳು, ಪೀಟರ್ ಐಸೆನ್‌ಮನ್ ವಿನ್ಯಾಸ, 2005. ಅಂಚಿನಲ್ಲಿ ಮಂಡಿಯೆತ್ತರ, ನಡುವೆ ಆಳಿಗಿಂತ ಎರಡರಷ್ಟು. ನೆಲ ಅಲೆಯಂತೆ ಏರಿಳಿಯುತ್ತದೆ, ಸಾಲುಗಳ ನಡುವೆ 95 ಸೆಂಟಿಮೀಟರ್ ಜಾಗ, ಕೈ ಹಿಡಿದುಕೊಂಡು ಇಬ್ಬರು ಅಕ್ಕಪಕ್ಕ ಹೋಗಲಾಗದು. ಮಳೆಯಲ್ಲಿ ಜಾರುತ್ತದೆ. ಅಮ್ಮನಿಗೆ ಗಾಲಿಕುರ್ಚಿಯ ಗುರುತಿರುವ ಸಾಲುಗಳಲ್ಲೇ ಹೋಗಲು ಹೇಳಿ, ಇಳಿಜಾರು ಕಡಿಮೆ. ಒಳಗೆ ಒಬ್ಬರಿಗೊಬ್ಬರು ಕಾಣದಂತಾಗುವುದು ಸೆಕೆಂಡುಗಳ ಮಾತು, ಯಾವ ಮೂಲೆಯಲ್ಲಿ ಸೇರುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಕಲ್ಲಿನ ಮೇಲೆ ಹತ್ತುವುದು, ಒಂದರಿಂದ ಒಂದಕ್ಕೆ ನೆಗೆಯುವುದು ನಿಷಿದ್ಧ.

ನಿಜವಾಗಿ ತಟ್ಟುವುದು ಕೆಳಗಿನ ಕೇಂದ್ರ. ಒಂದು ಕೋಣೆಯಲ್ಲಿ ಕತ್ತಲು, ಗೋಡೆಯ ಮೇಲೆ ಒಂದು ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ಧ್ವನಿಯಲ್ಲಿ ಚಿಕ್ಕ ಪರಿಚಯ. ಆಮೇಲೆ ಇನ್ನೊಂದು ಹೆಸರು. ಚೀಲ ತಪಾಸಣೆಯಿಂದಾಗಿ ಹೊರಗೆ ಸಾಲು ನಿಲ್ಲುತ್ತದೆ, ಶನಿವಾರ ಮಧ್ಯಾಹ್ನ ಉದ್ದ. ದೊಡ್ಡ ಬೆನ್ನುಚೀಲ ಹೋಟೆಲಿನಲ್ಲೇ ಬಿಡಿ.

ಸ್ಪ್ರೀ_ದಂಡೆ
ಅಲ್ಲಿಂದ ರಸ್ತೆ ದಾಟಿದರೆ ಟೀರ್‌ಗಾರ್ಟನ್ ಉದ್ಯಾನ. ಅಂಚಿನಲ್ಲೇ ನಾಜಿಗಳು ಹಿಂಸಿಸಿದ ಸಲಿಂಗಿಗಳ ಸ್ಮಾರಕ (2008). ಸಂಸತ್ ಭವನ ರೈಖ್‌ಸ್ಟಾಗ್ ಕಡೆಗೆ ನಡೆದರೆ ಸಿಂಟಿ ಮತ್ತು ರೋಮಾ ಜನರ ಸ್ಮಾರಕ (2012): ದುಂಡನೆಯ ಕಪ್ಪು ನೀರಿನ ಕೊಳ, ನಡುವೆ ತ್ರಿಕೋನ ಕಲ್ಲು, ಅದರ ಮೇಲೆ ದಿನಕ್ಕೊಂದು ಹೊಸ ಹೂವು. ಹತ್ತು ನಿಮಿಷ ಸಾಕು, ಆದರೆ ಬಿಡಬೇಡಿ. ಮೂರನೆಯದು, ಫಿಲ್‌ಹಾರ್ಮನಿ ಸಭಾಂಗಣದ ಪಕ್ಕ ನೀಲಿ ಗಾಜಿನ ಗೋಡೆ. ವಿಳಾಸ ಟೀರ್‌ಗಾರ್ಟನ್ ಸ್ಟ್ರಾಸೆ 4. ಅಂಗವಿಕಲರನ್ನೂ ಮನೋರೋಗಿಗಳನ್ನೂ ಕೊಲ್ಲುವ ಕಾರ್ಯಕ್ರಮವನ್ನು ನಡೆಸಿದ ಕಚೇರಿ ಇದ್ದ ಮನೆ ಅದು. ಟಿ4 ಎಂಬ ಹೆಸರು ಬಂದದ್ದೇ ಆ ವಿಳಾಸದಿಂದ.

ಕೊಡಚಾದ್ರಿ
ಬಹಳ ಉಪಕಾರ. ಸಾಕ್ಸೆನ್‌ಹೌಸೆನ್‌ನಲ್ಲಿ ಎಷ್ಟು ನಡಿಗೆ? ಮಾರ್ಗದರ್ಶಕರು ಬೇಕೇ ಬೇಕಾ?

ನಕ್ಷೆಗಾರ
ನಿಲ್ದಾಣದಿಂದ ಗೇಟಿಗೆ ಎರಡು ಕಿಲೋಮೀಟರಿನ ಆಸುಪಾಸು, ಸಾಮಾನ್ಯ ನಡಿಗೆಗೆ ಇಪ್ಪತ್ತು ನಿಮಿಷ, ನಿಮ್ಮವರಿಗೆ ಮೂವತ್ತೈದು. 804 ನಂಬರಿನ ಬಸ್ ಇದೆ, ತಡವಾಗಿ ತಡವಾಗಿ ಬರುತ್ತದೆ, ಭಾನುವಾರ ಇನ್ನೂ ಕಡಿಮೆ. ರೈಲಿನ ಸಮಯವನ್ನು ಬಸ್ಸಿಗೆ ಹೊಂದಿಸಿ, ಬಸ್ಸನ್ನು ರೈಲಿಗಲ್ಲ. ತಪ್ಪಿದರೆ ನಿಲ್ದಾಣದ ಮುಂದೆ ಟ್ಯಾಕ್ಸಿ ನೋಡಿ. ಮಂಡಿಯನ್ನು ಒಳಗಿನ ನಡಿಗೆಗೆ ಉಳಿಸಿಕೊಳ್ಳಿ.

ಹಳೇಕಡತ
ಒಳಗೆ ಎರಡು ಮೂರು ಕಿಲೋಮೀಟರ್ ಆಗಿಯೇ ಆಗುತ್ತದೆ, ಜಲ್ಲಿ ನೆಲ, ಮರ ನೆರಳು ಏನೂ ಇಲ್ಲದ ಬಯಲು, ಅಕ್ಟೋಬರ್ ಗಾಳಿ. ಕಿವಿ ಮುಚ್ಚುವ ಟೋಪಿ ಬೇಕು. ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ.

ಜಾಗದ ಆಕಾರ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. 1936ರಲ್ಲಿ ಕಟ್ಟುವಾಗಲೇ ಇದನ್ನು ತ್ರಿಕೋನವಾಗಿ ಮಾಡಿದರು. ಬುಡದ ನಡುವೆ ಎ ಗೋಪುರ, ಅದರ ಮುಂದೆ ಅರ್ಧಚಂದ್ರಾಕಾರದ ಹಾಜರಿ ಮೈದಾನ, ಅದರಾಚೆ ಬೀಸಣಿಗೆಯಂತೆ ಬ್ಯಾರಕ್‌ಗಳು. ಗೋಪುರದ ಮೇಲಿನ ಒಂದೇ ಮಷೀನ್‌ಗನ್ನಿಗೆ ಇಡೀ ಶಿಬಿರ ಸಿಗಬೇಕು ಎಂಬುದು ಲೆಕ್ಕ. ಶಿಬಿರ ಬೆಳೆದಾಗ ತ್ರಿಕೋನದೊಳಗೆ ಜಾಗ ಸಾಲದೆ ಆ ಲೆಕ್ಕ ಕೆಟ್ಟಿತು. ಎ ಗೋಪುರದ ಕೆಳಗೆ ಗೇಟಿನಲ್ಲಿ ನಿಂತು ಒಮ್ಮೆ ಎಡಕ್ಕೂ ಬಲಕ್ಕೂ ನೋಡಿ, ಗೊತ್ತಾಗುತ್ತದೆ.

ಮೊದಲು ಬಲಕ್ಕೆ, 38 ಮತ್ತು 39ನೇ ಬ್ಯಾರಕ್. ಯಹೂದಿ ಕೈದಿಗಳಿದ್ದ ಜಾಗ. 1992ರ ಸೆಪ್ಟೆಂಬರಿನಲ್ಲಿ ನವನಾಜಿಗಳು ಇಲ್ಲಿಗೆ ಬೆಂಕಿ ಹಚ್ಚಿದರು. ಸುಟ್ಟು ಬೊಬ್ಬೆಯೆದ್ದ ಬಣ್ಣವನ್ನು ಕೆರೆಯದೆ ಗಾಜಿನ ಹಿಂದೆ ಹಾಗೇ ಉಳಿಸಿದ್ದಾರೆ. ಪಕ್ಕದಲ್ಲೇ ಸೆರೆಮನೆ, ಹಿಟ್ಲರನಿಗೆ ಬಾಂಬಿಟ್ಟ ಗಿಯೋರ್ಗ್ ಎಲ್ಸರ್, ಪಾದ್ರಿ ಮಾರ್ಟಿನ್ ನೀಮೊಲ್ಲರ್ ಇದ್ದದ್ದು ಅಲ್ಲಿ. ಮೈದಾನದ ಸುತ್ತ ಬೂಟು ಪರೀಕ್ಷೆಯ ದಾರಿ: ಜಲ್ಲಿ, ಮರಳು, ಕಾಂಕ್ರೀಟ್ ಎಂದು ತುಂಡುತುಂಡಾಗಿ ಬೇರೆ ಬೇರೆ ನೆಲ. ಅಟ್ಟೆಯ ಬಾಳಿಕೆ ಅಳೆಯಲು ಕೈದಿಗಳನ್ನು ದಿನಕ್ಕೆ 40 ಕಿಲೋಮೀಟರಿನವರೆಗೂ ನಡೆಸುತ್ತಿದ್ದರು. ಬೂಟು ಕಂಪನಿಗಳು ಅದಕ್ಕೆ ದುಡ್ಡು ಕೊಡುತ್ತಿದ್ದವು.

ಎಡಕ್ಕೆ, ಮುಖ್ಯ ಗೋಡೆಯಾಚೆ ಕೊಲ್ಲುವ ಜಾಗವಾಗಿದ್ದ ಸ್ಟೇಷನ್ ಝೆಡ್. ಬಿಳಿ ಚಾವಣಿಯಡಿ ಹೆಣ ಸುಡುವ ಕುಲುಮೆಗಳ ಅವಶೇಷ. ಎ ಪ್ರವೇಶದ ಗೋಪುರ, ಝೆಡ್ ಹೊರಹೋಗುವ ದಾರಿ. ಎಸ್‌ಎಸ್‌ನವರ ತಮಾಷೆ ಅದು. 1941ರ ಶರತ್ಕಾಲದಲ್ಲಿ ಕನಿಷ್ಠ 10,000 ಸೋವಿಯತ್ ಯುದ್ಧಕೈದಿಗಳನ್ನು ಈ ಶಿಬಿರದಲ್ಲಿ ಕೊಂದರು. ವೈದ್ಯಕೀಯ ತಪಾಸಣೆ ಎಂದು ಕರೆದು, ಎತ್ತರ ಅಳೆಯುವ ಪಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಹಿಂದಿನ ಕಿಂಡಿಯಿಂದ ಕುತ್ತಿಗೆಗೆ ಗುಂಡು.

ಅಮ್ಮನಿಗೆ ಸುಸ್ತಾದರೆ ತುದಿಯಲ್ಲಿರುವ ಸೋವಿಯತ್ ವಿಶೇಷ ಶಿಬಿರದ ಭಾಗ ಬಿಡಿ. ಆದರೆ ವಿಷಯ ತಿಳಿದಿರಲಿ: 1945ರಿಂದ 1950ರವರೆಗೆ ಸೋವಿಯತ್‌ನವರು ಇದೇ ಬ್ಯಾರಕ್‌ಗಳಲ್ಲಿ ಸುಮಾರು 60,000 ಜನರನ್ನು ಇಟ್ಟಿದ್ದರು, ಸುಮಾರು 12,000 ಜನ ಹಸಿವು, ರೋಗದಿಂದ ಸತ್ತರು.

ಮಾರ್ಗದರ್ಶಕರ ವಿಷಯ: ಒಳಗೆ ಗುಂಪನ್ನು ಕರೆದೊಯ್ಯಲು ಸ್ಮಾರಕದ ಅನುಮತಿ ಇದ್ದವರಿಗೆ ಮಾತ್ರ ಅವಕಾಶ. ನಗರದಿಂದ ಹೊರಡುವ ಗುಂಪುಗಳ ವೇಗ ನಿಮ್ಮವರಿಗೆ ಆಗದು. ಮಾಹಿತಿ ಕೇಂದ್ರದಲ್ಲಿ ಆಡಿಯೋ ಗೈಡ್ ತೆಗೆದುಕೊಂಡು ನಿಮ್ಮದೇ ವೇಗದಲ್ಲಿ ಹೋಗಿ.

ಮಲ್ಲಿಗೆಮೊಗ್ಗು
ಊಟದ ವ್ಯವಸ್ಥೆ ನಂಬಬೇಡಿ, ಸಸ್ಯಾಹಾರಿಗಳಾದರಂತೂ ಬೇಡವೇ ಬೇಡ. ಚಪಾತಿ ಸುತ್ತಿಕೊಂಡು ಹೋಗಿ, ಶಿಬಿರದ ಒಳಗೆ ಬಿಚ್ಚಬೇಡಿ, ಮೊದಲೇ ಅಥವಾ ಹೊರಬಂದು ತಿನ್ನಿ. ಶೌಚಾಲಯಕ್ಕೆ ಚಿಲ್ಲರೆ ಇಟ್ಟುಕೊಳ್ಳಿ. ಮಕ್ಕಳಿರುವ ಬೇರೆಯವರು ಓದುತ್ತಿದ್ದರೆ: ಇಂಥ ಕಡೆ ಹದಿನಾಲ್ಕರ ಕೆಳಗಿನವರು ಬೇಡ.

ಧಾರವಾಡ_ಪೇಡಾ
ಯಾರೂ ಹೇಳದ್ದು ಒಂದ್ ಹೇಳ್ತೀನಿ. ಸ್ವಸ್ತಿಕ. ಕೊರಳಾಗ ಪದಕ, ಕೈಚೀಲದ ಮ್ಯಾಲೆ ಚಿತ್ರ, ಮೊಬೈಲ್ ಕವರು, ಪೂಜಾ ಮಾಡಿದ ಸೂಟ್‌ಕೇಸಿಗೆ ಕುಂಕುಮದ್ದು, ಎಲ್ಲಾ ನೋಡಿಕೊಳ್ರಿ. ನಾಜಿ ಚಿಹ್ನಿ ತೋರಿಸಿದ್ರ ಜರ್ಮನಿ ದಂಡಸಂಹಿತೆ 86ಎ ಪ್ರಕಾರ ಮೂರು ವರ್ಷದ ತನಕ ಸಜಾ ಇಲ್ಲಾ ದಂಡ. ನಮ್ಮದು ಧಾರ್ಮಿಕ ಅಂತ ಖರೇ, ಆ ಕಾನೂನು ನಮಗ ಮಾಡಿದ್ದಲ್ಲ. ಆದ್ರ ಸಾಕ್ಸೆನ್‌ಹೌಸೆನ್ ಗೇಟಿನ ಮುಂದ ನಿಂತು ಅದನ್ನ ವಿವರಸಾಕ ಹೋಗಬ್ಯಾಡ್ರಿ. ಅಂಗಿ ಒಳಗ ಹಾಕ್ರಿ, ಮುಗೀತು. ತಮಾಷಿಗೂ ಕೈ ಮುಂದ ಚಾಚಿ ಫೋಟೋ ತಗಸಬ್ಯಾಡ್ರಿ. 2017ರಾಗ ರೈಖ್‌ಸ್ಟಾಗ್ ಮುಂದ ಹಂಗ ಮಾಡಿದ ಇಬ್ಬರು ಪ್ರವಾಸಿಗರನ್ನ ಪೊಲೀಸರು ಹಿಡಕೊಂಡು ಹೋಗಿದ್ರು.

ಸ್ಪ್ರೀ_ದಂಡೆ
ಸೋಮವಾರದ ವಿವರ. ಎಸ್7ರಲ್ಲಿ ಗ್ರೂನೆವಾಲ್ಡ್‌ನಲ್ಲಿ ಇಳಿದು "ಗ್ಲೈಸ್ 17" ಫಲಕ ಹಿಡಿದು ಸುರಂಗದಿಂದ ಮೇಲೆ ಹತ್ತಿ. ರೈಲು ಬರದ ಪ್ಲಾಟ್‌ಫಾರ್ಮ್, ಅಂಚಿನುದ್ದಕ್ಕೂ 186 ಎರಕದ ಉಕ್ಕಿನ ತಟ್ಟೆ. ಒಂದೊಂದರ ಮೇಲೂ ತಾರೀಖು, ಎಷ್ಟು ಜನ, ಎಲ್ಲಿಗೆ. ಮೊದಲನೆಯದು 18.10.1941, ಪೋಲೆಂಡಿನ ಲಾಡ್ಜ್‌ಗೆ. ಕೊನೆಯದು 27.3.1945, ಈಗಿನ ಚೆಕ್ ದೇಶದಲ್ಲಿದ್ದ ಟೆರೆಜಿಯೆನ್‌ಸ್ಟಾಟ್ ಶಿಬಿರಕ್ಕೆ, 18 ಜನ. ಯುದ್ಧ ಸೋತಾಗಿತ್ತು, ಊರು ಪುಡಿಯಾಗಿತ್ತು, ಆ ಹದಿನೆಂಟು ಜನಕ್ಕೂ ರೈಲು ಹೊಂದಿಸಿದ್ದರು. ಸಂಖ್ಯೆಗಳನ್ನು ಓದುತ್ತಾ ಎರಡೂ ಬದಿ ನಡೆಯಿರಿ. ಕಾವಲುಗಾರರಿಲ್ಲ, ಸಮಯದ ಕಟ್ಟಿಲ್ಲ. ಎಲೆ ಉದುರಿದ್ದರೆ ತಟ್ಟೆಗಳು ಜಾರುತ್ತವೆ, ಅಮ್ಮನ ಕೈ ಹಿಡಿದುಕೊಳ್ಳಿ.

ಹಳೇಕಡತ
ಒಂದು ಸೇರ್ಪಡೆ. ಬರ್ಲಿನ್‌ನ ಯಹೂದಿಗಳೆಲ್ಲ ಗ್ರೂನೆವಾಲ್ಡ್‌ನಿಂದಲೇ ಹೋದರು ಎಂಬುದು ಸರಿಯಲ್ಲ. ಹೆಚ್ಚು ಜನರನ್ನು ಸಾಗಿಸಿದ್ದು ಮೋವಾಬಿಟ್ ಗೂಡ್ಸ್ ನಿಲ್ದಾಣದಿಂದ. ವಯಸ್ಸಾದವರನ್ನು ಟೆರೆಜಿಯೆನ್‌ಸ್ಟಾಟ್‌ಗೆ ಕಳಿಸಿದ್ದು ಆನ್‌ಹಾಲ್ಟರ್ ನಿಲ್ದಾಣದಿಂದ, ದಿನನಿತ್ಯದ ಪ್ರಯಾಣಿಕರ ರೈಲಿಗೆ ಬೋಗಿ ಜೋಡಿಸಿ. ಆ ನಿಲ್ದಾಣದ ಮುಂಭಾಗದ ತುಂಡೊಂದು ಟೊಪೊಗ್ರಾಫಿಯಿಂದ ಹತ್ತು ನಿಮಿಷದ ದೂರದಲ್ಲಿ ನಿಂತಿದೆ.

ಹೊರಡುವ ಮುನ್ನ ಪ್ರತಿಯೊಬ್ಬರೂ 16 ಪುಟಗಳ ಆಸ್ತಿ ವಿವರ ತುಂಬಬೇಕಿತ್ತು: ಕುರ್ಚಿ ಎಷ್ಟು, ಪರದೆ ಎಷ್ಟು, ಒಳಉಡುಪು ಎಷ್ಟು. ರೈಲ್ವೆ ಮೂರನೇ ದರ್ಜೆಯ ದರ ವಿಧಿಸುತ್ತಿತ್ತು, ತಲೆಗೆ ಕಿಲೋಮೀಟರಿಗೆ 4 ಫೆನ್ನಿಗ್ (ಆಗಿನ ಜರ್ಮನ್ ಚಿಲ್ಲರೆ). ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ, ನಾಲ್ಕರೊಳಗೆ ಉಚಿತ, 400ಕ್ಕಿಂತ ಹೆಚ್ಚು ಜನರಿದ್ದರೆ ಗುಂಪಿನ ರಿಯಾಯಿತಿ. ಹೋಗುವ ಟಿಕೆಟ್ ಮಾತ್ರ.

ಸ್ಪ್ರೀ_ದಂಡೆ
ಗ್ರೂನೆವಾಲ್ಡ್‌ನಿಂದ ಅದೇ ಎಸ್7ರಲ್ಲಿ ಎರಡನೇ ನಿಲ್ದಾಣ ವಾನ್ಸೀ. ಎದುರಿನಿಂದ 114 ನಂಬರಿನ ಬಸ್, ಸಮ್ಮೇಳನದ ಮನೆಯ ಮುಂದೆಯೇ ನಿಲ್ಲುತ್ತದೆ. ಕೆರೆ ದಂಡೆಯ ಬಂಗಲೆ, ತೋಟ. 1942ರ ಜನವರಿ 20ರಂದು ಹದಿನೈದು ಅಧಿಕಾರಿಗಳು ಸುಮಾರು ಒಂದೂವರೆ ಗಂಟೆ ಸಭೆ ಮಾಡಿದರು. ಅವರಲ್ಲಿ ಎಂಟು ಜನ ಡಾಕ್ಟರೇಟ್ ಪಡೆದವರು.

ಕೊಡಚಾದ್ರಿ
ನರಮೇಧದ ತೀರ್ಮಾನ ಆದದ್ದು ಅಲ್ಲೇ ಅಲ್ವಾ?

ಹಳೇಕಡತ
ಅಲ್ಲ, ಹಾಗೆ ಬರೆದಿರುವುದು ಎಲ್ಲ ಕಡೆ ಸಿಗುತ್ತದೆ ಅಷ್ಟೆ. 1941ರ ಜೂನ್‌ನಿಂದಲೇ ಸೋವಿಯತ್ ನೆಲದಲ್ಲಿ ಸಾಮೂಹಿಕ ಗುಂಡಿನ ಹತ್ಯೆ ನಡೆಯುತ್ತಿತ್ತು. ಡಿಸೆಂಬರಿನಲ್ಲಿ ಪೋಲೆಂಡಿನ ಹೆಲ್ಮ್ನೋದಲ್ಲಿ ಅನಿಲ ಬಳಸಿ ಕೊಲ್ಲುವುದೂ ಶುರುವಾಗಿತ್ತು. ವಾನ್ಸೀ ಸಭೆಯ ಉದ್ದೇಶ ಬೇರೆ: ಕೆಲಸದ ಮುಖ್ಯಸ್ಥ ತಾನು ಎಂದು ಸಭೆ ಕರೆದ ಎಸ್‌ಎಸ್ ಹಿರಿಯ ಅಧಿಕಾರಿ ಹೈಡ್ರಿಖ್ ಉಳಿದ ಸಚಿವಾಲಯಗಳಿಂದ ಒಪ್ಪಿಗೆ ಪಡೆಯುವುದು, ಯಾರು ಯಾರನ್ನು ಸಾಗಿಸಬೇಕು ಎಂದು ಹೊಂದಿಸುವುದು. ನಡವಳಿ ಸಿದ್ಧಪಡಿಸಿದ್ದು ಅವನ ಕೈಕೆಳಗಿನ ಅಧಿಕಾರಿ ಐಖ್‌ಮನ್. ಅದನ್ನು ಅಲ್ಲಿ ಓದಬಹುದು. ದೇಶವಾರು ಪಟ್ಟಿಯ ಪುಟದ ಮುಂದೆ ನಿಲ್ಲಿ: ಇಂಗ್ಲೆಂಡ್ 3,30,000, ಐರ್ಲೆಂಡ್ 4,000, ಎಸ್ಟೋನಿಯಾದ ಮುಂದೆ "ಯಹೂದಿಮುಕ್ತ". ಒಟ್ಟು 1 ಕೋಟಿ 10 ಲಕ್ಷ. ಇನ್ನೂ ಕೈಗೆ ಸಿಗದ ದೇಶಗಳವರನ್ನೂ ಸೇರಿಸಿ ಕೂಡಿಸಿದ ಲೆಕ್ಕ. ಮೂವತ್ತು ಪ್ರತಿಗಳಲ್ಲಿ ಒಂದೇ ಒಂದು, ಹದಿನಾರನೆಯದು, 1947ರಲ್ಲಿ ಸಿಕ್ಕಿತು.

ಮಲ್ಲಿಗೆಮೊಗ್ಗು
ಮಂಗಳವಾರಕ್ಕೆ: ರೋಸೆಂಥಾಲರ್ ಸ್ಟ್ರಾಸೆ 39, ಒಟ್ಟೋ ವೈಟ್ ಅವರ ಕಾರ್ಯಾಗಾರ. ಅಂಗಳದೊಳಗೆ, ಮೊದಲ ಮಹಡಿ, ಮೆಟ್ಟಿಲು ಹಳೆಯವು. ಕುರುಡು ಮತ್ತು ಕಿವುಡು ಯಹೂದಿಗಳಿಗೆ ಪೊರಕೆ, ಬ್ರಷ್ ಕಟ್ಟುವ ಕೆಲಸ ಕೊಟ್ಟು, ಸೇನೆಗೆ ಬೇಕಾದ ಉತ್ಪಾದನೆ ಎಂದು ಅವರನ್ನು ಉಳಿಸಲು ನೋಡಿದವರು. ಕೊನೆಯ ಕಿಟಕಿಯಿಲ್ಲದ ಕೋಣೆಯ ಬಾಗಿಲಿಗೆ ಬೀರು ಅಡ್ಡ ಇಟ್ಟು ಒಂದು ಕುಟುಂಬವನ್ನು ಬಚ್ಚಿಟ್ಟಿದ್ದರು. ಆ ಕೋಣೆಗೆ ಹೋಗಬಹುದು. ಇಡೀ ಜಾಗಕ್ಕೆ ಮುಕ್ಕಾಲು ಗಂಟೆ ಸಾಕು. ನಾಲ್ಕು ದಿನದಲ್ಲಿ ಒಂದೇ ನೋಡುವುದಾದರೆ ಇದನ್ನೇ ನೋಡಿ ಅನ್ನುತ್ತೇನೆ.

ಆ ಬೀದಿಗಳಲ್ಲಿ ನೆಲ ನೋಡಿ ನಡೆಯಿರಿ. ಮನೆಬಾಗಿಲ ಮುಂದೆ ಅಂಗೈಯಗಲದ ಹಿತ್ತಾಳೆ ಕಲ್ಲುಗಳು, ಅಲ್ಲಿ ವಾಸವಿದ್ದವರ ಹೆಸರು, ಎಲ್ಲಿ ಸತ್ತರು ಎಂಬ ವಿವರ.

ಕೊಡಚಾದ್ರಿ
ಭಾರತೀಯರಿಗೆ ಸಂಬಂಧಿಸಿದ ಜಾಗ ಏನಾದರೂ ಇದೆಯಾ? ಅಪ್ಪ ನೇತಾಜಿ ಬಗ್ಗೆ ಕೇಳುತ್ತಿದ್ದಾರೆ.

ಹಳೇಕಡತ
ಬೋಸ್ 1941ರಿಂದ 1943ರವರೆಗೆ ಬರ್ಲಿನ್‌ನಲ್ಲಿದ್ದರು. ಅವರು ನಡೆಸಿದ ಸ್ವತಂತ್ರ ಭಾರತ ಕೇಂದ್ರ ಇದ್ದದ್ದು ಟೀರ್‌ಗಾರ್ಟನ್ ಭಾಗದಲ್ಲಿ. ಹೋಗಿ ನೋಡುವಂಥ ಮ್ಯೂಸಿಯಂ ಇಲ್ಲ. ಟೊಪೊಗ್ರಾಫಿ ನೋಡಿ ಬಂದ ಸಂಜೆ ಅಪ್ಪನ ಜೊತೆ ಆ ವಿಷಯ ಮಾತಾಡುವುದು ಸುಲಭವಲ್ಲ, ಸಿದ್ಧರಾಗಿರಿ. ಹಿಟ್ಲರ್ ಜೊತೆ ಅವರ ಭೇಟಿ 1942ರ ಮೇ ತಿಂಗಳಲ್ಲಿ, ಸಾಗಾಟದ ರೈಲುಗಳು ಹೊರಡುತ್ತಿದ್ದ ಕಾಲದಲ್ಲೇ.

ಕರ್ನಾಟಕದ ನಂಟು ಬೇಕಿದ್ದರೆ ನೂರ್ ಇನಾಯತ್ ಖಾನ್, ಟಿಪ್ಪುವಿನ ವಂಶಸ್ಥೆ, ಬ್ರಿಟಿಷರ ಪರ ಪ್ಯಾರಿಸ್‌ನಲ್ಲಿ ವೈರ್‌ಲೆಸ್ ನಡೆಸಿದವರು. ಆದರೆ ಅವರನ್ನು ಕೊಂದದ್ದು 1944ರ ಸೆಪ್ಟೆಂಬರಿನಲ್ಲಿ ಡಾಖೌನಲ್ಲಿ, ಮ್ಯೂನಿಕ್ ಹತ್ತಿರ. ಈ ಪ್ರವಾಸಕ್ಕೆ ಬರುವುದಿಲ್ಲ. ಬರ್ಲಿನ್‌ನ ದಕ್ಷಿಣಕ್ಕೆ ವುನ್ಸ್‌ಡಾರ್ಫ್ ಬಳಿ ಝೆರೆನ್ಸ್‌ಡಾರ್ಫ್‌ನಲ್ಲಿ 206 ಭಾರತೀಯ ಸೈನಿಕರ ಸಮಾಧಿಗಳಿವೆ. ಅದು ಮೊದಲ ಮಹಾಯುದ್ಧದ ಕೈದಿಗಳದ್ದು. ಕಾಡಿನ ನಡುವೆ, ಹಳೆಯ ಸೇನಾ ತಾಲೀಮು ಪ್ರದೇಶ, ದಾರಿ ಬಿಟ್ಟು ಕಾಲಿಡಬಾರದು. ಕಾರಿಲ್ಲದೆ ಅಪ್ಪ ಅಮ್ಮನ ಜೊತೆ ಬೇಡ.

ಕೊಡಚಾದ್ರಿ
ಸರಿ. ಮಂಗಳವಾರ ಮಧ್ಯಾಹ್ನ ಸಮಯ ಉಳಿದರೆ ಪ್ಲೋಟ್ಸೆನ್‌ಸೀ ಮತ್ತು ಕಾರ್ಲ್ಸ್‌ಹೋರ್ಸ್ಟ್ ಎರಡನ್ನೂ ಸೇರಿಸಬಹುದಾ?

ನಕ್ಷೆಗಾರ
ಆಗಲ್ಲ. ಪ್ಲೋಟ್ಸೆನ್‌ಸೀ ವಾಯವ್ಯಕ್ಕೆ, ಕಾರ್ಲ್ಸ್‌ಹೋರ್ಸ್ಟ್ ಪೂರ್ವಕ್ಕೆ, ನಡುವೆ ಒಂದು ಗಂಟೆಗೂ ಮೀರಿದ ಪ್ರಯಾಣ. ಪ್ಲೋಟ್ಸೆನ್‌ಸೀ ಅಂದರೆ ಸುಮಾರು 2,900 ಜನರನ್ನು ನೇಣು, ಶಿರಚ್ಛೇದಕ್ಕೆ ಒಡ್ಡಿದ ಕೊಟ್ಟಿಗೆ. ನೋಡಲು ಅರ್ಧ ಗಂಟೆ, ಹೋಗಿ ಬರಲು ಒಂದೂವರೆ. ಕಾರ್ಲ್ಸ್‌ಹೋರ್ಸ್ಟ್‌ನಲ್ಲಿ 1945ರ ಮೇ 8ರ ರಾತ್ರಿ ಜರ್ಮನಿಯ ಶರಣಾಗತಿಗೆ ಸಹಿ ಬಿದ್ದ ಕೋಣೆ ಹಾಗೇ ಇದೆ, ಸೋಮವಾರ ರಜೆ, ಮಂಗಳವಾರ ತೆರೆದಿರುತ್ತದೆ. ವಿಮಾನಕ್ಕೂ ಅದೇ ದಿಕ್ಕು ಸುಲಭ. ಒಂದನ್ನೇ ಆರಿಸಿ, ಸಾಮಾನನ್ನು ಯಾವುದಾದರೂ ನಿಲ್ದಾಣದ ಲಾಕರಿನಲ್ಲಿ ಇಡುವ ಯೋಚನೆ ಇದ್ದರೆ ಲಾಕರ್ ಖಾಲಿ ಇಲ್ಲದಿರುವ ಸಾಧ್ಯತೆಗೂ ಸಮಯ ಇಟ್ಟುಕೊಳ್ಳಿ. ಹೋಟೆಲಿನವರ ಹತ್ತಿರ ಬಿಡುವುದೇ ವಾಸಿ.